ತೈಲಬಾವಿ ಮುಚ್ಚಿದ ಮೇಲೆ

ಅಮೆರಿಕದ ಯೂಟಾ, ಕೊಲೊರಾಡೊ, ಅರಿಜೋನಾ, ನ್ಯೂ ಮೆಕ್ಸಿಕೊ ರಾಜ್ಯಗಳಲ್ಲಿ ಹರಡಿರುವ ಕೊಲೊರಾಡೊ ಪ್ರಸ್ಥಭೂಮಿಯ ತಗ್ಗಿನ ಸೀಮೆಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 250 ಮಿಲಿಮೀಟರು ಮಾತ್ರ. ಆದಕಾರಣ ಪೊದೆಗೂ ಪೊದೆಗೂ ನಡುವಣ ತೆರಪನ್ನು ಕಂಡವರು ಅದನ್ನು ಬರಿಯ ಮಣ್ಣೆಂದೇ ಬಗೆಯುವರು. ಬಾಗಿ ನೋಡಿದರೆ ಅಲ್ಲಿ ಬೆರಳೆತ್ತರಕ್ಕೆ ಉಬ್ಬಿ ತಗ್ಗಾದ, ಕಪ್ಪನೆಯ ಪದರವೊಂದು ಕಾಣುತ್ತದೆ. ಅದು ಸಜೀವವಾದದ್ದು. ನೀಲಿಹಸಿರು ಪಾಚಿಯ ವರ್ಗಕ್ಕೆ ಸೇರಿದ ಮೈಕ್ರೊಕೋಲಿಯಸ್ ಎಂಬ ಸೂಕ್ಷ್ಮಜೀವಿಯ ತಂತುಗಳು, ಮಳೆಯ ತೇವ ತಗುಲಿದೊಡನೆ ಎಚ್ಚೆತ್ತು, ಮರಳಿನ ಕಣಗಳ ನಡುವೆ ಸರಿದಾಡಿ, ಹೋದೆಡೆಯಲ್ಲೆಲ್ಲ ಅಂಟಾದ ಒರೆಯನ್ನು ಬಿಟ್ಟು, ಒಣಗಿದ ಮೇಲೂ ಆ ಕಣಗಳನ್ನು ದಾರದಿಂದ ಹೊಲಿದಂತೆ ಬಂಧಿಸಿಡುತ್ತವೆ. ಈ ಹೊದಿಕೆಯ ಮೇಲೆ ಹಾವಸೆಯೂ ಕಲ್ಲುಹೂವುಗಳೂ ನೆಲೆಗೊಳ್ಳುವುವು. ಅವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನು ಹಿಡಿದು ಬಡನೆಲಕ್ಕೆ ಗೊಬ್ಬರವನ್ನೊದಗಿಸುತ್ತವೆ.

ತೈಲಕ್ಕಾಗಿಯೋ ಅನಿಲಕ್ಕಾಗಿಯೋ ಬಾವಿ ಕೊರೆಯುವವರು ಮೊದಲು ಕೆಲವು ಎಕರೆಗಳನ್ನು ಬುಲ್ಡೋಜರಿನಿಂದ ಸಮತಟ್ಟುಗೊಳಿಸಿ, ಮೇಲ್ಮಣ್ಣನ್ನು ಒಂದು ಬದಿಗೆ ರಾಶಿ ಹಾಕಿ, ಲಾರಿಗಳಿಗೆ ದಾರಿ ಮಾಡುತ್ತಾರೆ. ಬಾವಿ ಬತ್ತಿದ ಬಳಿಕ ಸಿಮೆಂಟು ತುಂಬಿ ಮುಚ್ಚಿ, ಮಣ್ಣನ್ನು ಮರಳಿ ಹರಡಿ, ಬೀಜ ಬಿತ್ತುವುದು ಕ್ರಮ. ಆದರೆ ಎತ್ತರದ ರಾಶಿಯೊಳಗೆ ವರ್ಷಗಟ್ಟಲೆ ಬೆಳಕು ಕಾಣದೆ ಬಿದ್ದ ಮಣ್ಣಿನಲ್ಲಿ ಆ ತಂತುಗಳೂ, ಬೇರುಗಳೊಡನೆ ಕೂಡಿ ಬಾಳುವ ಶಿಲೀಂಧ್ರಗಳೂ ಬಹುಮಟ್ಟಿಗೆ ನಶಿಸಿರುತ್ತವೆ. ವಾಹನಗಳ ಭಾರಕ್ಕೆ ಗಟ್ಟಿಯಾದ ಕೆಳನೆಲದಲ್ಲಿ ನೀರು ಇಂಗದು, ಬೇರು ಇಳಿಯದು. ಹಾಗೆ ಬರಿದಾದ ನೆಲಕ್ಕೆ ಯುರೇಷ್ಯದಿಂದ ಬಂದ ಚೀಟ್‌ಗ್ರಾಸ್ ಎಂಬ ಹುಲ್ಲು ನುಗ್ಗಿ, ವಸಂತದ ತೇವವನ್ನೆಲ್ಲ ದೇಶೀಯ ಸಸಿಗಳಿಗಿಂತ ಮೊದಲೇ ಹೀರಿ, ಬೇಸಗೆಯ ಆರಂಭದಲ್ಲಿಯೇ ಒಣಗಿ, ಕಾಳ್ಗಿಚ್ಚಿಗೆ ಇಂಧನವಾಗುತ್ತದೆ. ಸುಟ್ಟ ನೆಲದಲ್ಲಿ ಮತ್ತೆ ಮೊದಲು ಚಿಗುರುವುದೂ ಅದೇ. ಸಡಿಲಗೊಂಡ ಮಣ್ಣಿನ ಧೂಳು ದೂರದ ಸ್ಯಾನ್ ವಾನ್ ಪರ್ವತಗಳ ಹಿಮದ ಮೇಲೆ ಕುಳಿತು, ಬಿಸಿಲನ್ನು ಹೀರಿ, ಹಿಮವನ್ನು ಅಕಾಲದಲ್ಲಿ ಕರಗಿಸುವುದು ನನಗೆ ಎಲ್ಲಕ್ಕಿಂತ ಆತಂಕದ ಸಂಗತಿಯಾಗಿ ತೋರುತ್ತದೆ, ಏಕೆಂದರೆ ಆ ಹಿಮದ ನೀರು ಸೇರುವ ಕೊಲೊರಾಡೊ ನದಿಯನ್ನು ನಂಬಿರುವವರು ಕೋಟಿಗಟ್ಟಲೆ ಜನ.

ಈ ಗಾಯ ಮಾಯುವುದಕ್ಕೆ ಎಷ್ಟು ಕಾಲ ಬೇಕು? ಯೂಟಾದ ಮೋಆಬ್ ಊರಿನಲ್ಲಿದ್ದು ಈ ಪದರವನ್ನು ದೀರ್ಘಕಾಲ ಅಭ್ಯಸಿಸಿದ ಜೇನ್ ಬೆಲ್ನಾಪ್ ಮೊದಲಾದ ವಿಜ್ಞಾನಿಗಳ ಪ್ರಕಾರ ತಂತುಗಳು ಕೆಲವು ವರ್ಷಗಳಲ್ಲಿ ಮರಳಬಹುದು. ಕಲ್ಲುಹೂವುಗಳಿಗಾದರೋ ದಶಕಗಳು, ಒಮ್ಮೊಮ್ಮೆ ಶತಮಾನಗಳೇ ಬೇಕು. ನೆರೆಯ ಮೊಹಾವಿ ಮರುಭೂಮಿಯಲ್ಲಿ 1942ರಿಂದ 1944ರವರೆಗೆ ಸೈನ್ಯದ ತರಬೇತಿಗಾಗಿ ಓಡಾಡಿದ ಟ್ಯಾಂಕುಗಳ ಜಾಡು ಇಂದಿಗೂ ಅಳಿದಿಲ್ಲ. ಪ್ರಯೋಗಶಾಲೆಯಲ್ಲಿ ಪದರವನ್ನು ಬೆಳೆಸಿ ನೆಲಕ್ಕೆ ಹರಡುವ ಪ್ರಯತ್ನಗಳೂ ನಡೆದಿವೆ. ಆದರೂ ಸಮತಟ್ಟುಗೊಳಿಸಿದ ಒಂದೇ ಜಾಗದಿಂದ ಓರೆಯಾಗಿ ಹಲವು ಬಾವಿಗಳನ್ನು ಕೊರೆದು, ಉಳಿದ ನೆಲವನ್ನು ಮುಟ್ಟದೆ ಬಿಡುವುದು ಅದಕ್ಕಿಂತ ಸುಲಭ, ಮತ್ತು ಅದರ ತಂತ್ರ ಈಗಾಗಲೇ ಕೈಯಲ್ಲಿದೆ.