ಗಾಳಿಯ ಸುಳಿವು

ನಡುರಾತ್ರಿಯಲ್ಲಿ ನೀರು ಕುಡಿಯಲೆಂದು ಎದ್ದು, ಅಡಿಗೆಮನೆಯ ಅರೆಬೆಳಕಿನಲ್ಲಿ, ಒಲೆಯ ಕಟ್ಟೆಯ ಮೇಲೆ ನಿಶ್ಚಿಂತವಾಗಿ ಮೀಸೆಯಾಡಿಸುತ್ತ ಕುಳಿತ ಜಿರಳೆಯನ್ನು ಕಂಡು, ಉಸಿರು ಬಿಗಿಹಿಡಿದು ಹಿಂದಿನಿಂದ ಪೊರಕೆಯನ್ನೆತ್ತಿ ಅಪ್ಪಳಿಸಿದವರಿಗೆಲ್ಲ ಪರಾಭವದ ಅನುಭವವುಂಟು. ಏಟು ಕಟ್ಟೆಗೆ ಬೀಳುವಷ್ಟರಲ್ಲಿ ಅದು ಡಬ್ಬಿಗಳ ಸಂದಿಯನ್ನು ಸೇರಿರುತ್ತದೆ. ಕೈಯ ಮಾಂದ್ಯವನ್ನು ಹಳಿದುಕೊಳ್ಳುವ ನಾವು, ಶತ್ರುವಿಗೆ ಮುನ್ಸೂಚನೆಯಿತ್ತ ದ್ರೋಹಿ ಆ ಪೊರಕೆಯೇ ಎಂಬುದನ್ನು ಅರಿಯೆವು.

ಬೀಸಿಬರುವ ವಸ್ತು ಯಾವುದೇ ಆಗಲಿ, ತನ್ನ ಮುಂದಿನ ಗಾಳಿಯನ್ನು ನೂಕಿಕೊಂಡೇ ಬರಬೇಕಷ್ಟೆ. ಜಿರಳೆಯ ಹಿಂತುದಿಯಲ್ಲಿ ಪುಟ್ಟ ಕೊಂಬುಗಳಂತೆ ಚಾಚಿಕೊಂಡಿರುವ ಎರಡು ಉಪಾಂಗಗಳ ಕೆಳಮೈಯಲ್ಲಿ, ಒಂದೊಂದರಲ್ಲಿಯೂ ಸುಮಾರು 220ರಂತೆ, ಅತಿ ನವಿರಾದ ರೋಮಗಳಿವೆ. ಇವು ಎಲ್ಲ ದಿಕ್ಕಿಗೂ ಸಮನಾಗಿ ಬಾಗುವುದಿಲ್ಲ. ಒಂದೊಂದು ಸಾಲಿಗೂ ತನ್ನದೇ ದಿಕ್ಕುಂಟಾದುದರಿಂದ, ಯಾವ ಸಾಲು ಮಿಡಿಯಿತೆಂಬುದೇ ಗಾಳಿ ಬಂದ ಕಡೆಯನ್ನು ಹೇಳಿಬಿಡುತ್ತದೆ. ರೋಮದ ಬುಡದ ನರಕೋಶದಿಂದ ಉದರದ ಕೊನೆಯ ನರಗಂಟಿಗೆ ಹೋದ ಸುದ್ದಿಯನ್ನು, ಉಳಿದ ಎಳೆಗಳಿಗಿಂತ ಬಹಳ ದಪ್ಪನಾದ, ಆ ದಪ್ಪದಿಂದಲೇ ಶೀಘ್ರವಾಹಿಗಳಾದ ಕೆಲವು ನರತಂತುಗಳು ಎದೆಗೆ ಒಯ್ಯುತ್ತವೆ; ಆರು ಕಾಲುಗಳ ಸೂತ್ರವಿರುವುದು ಅಲ್ಲಿಯೇ. ಗಾಳಿ ಸೋಕಿ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ಕಳೆಯುವ ಮೊದಲೇ ಜಿರಳೆ ಅದಕ್ಕೆ ವಿಮುಖವಾಗಿ ತಿರುಗತೊಡಗಿರುತ್ತದೆ. ದೀಪ ಹೊತ್ತಿದೊಡನೆ ಗುಂಡಿಯೊತ್ತಲು ನಮಗಾದರೋ ಐದರಲ್ಲೊಂದು ಭಾಗವಾದರೂ ಬೇಕು. ಜೆಫ್ರಿ ಕಾಮ್ಹಿ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ಉಪಾಂಗಗಳನ್ನು ಮುಚ್ಚಿಬಿಟ್ಟ ಜಿರಳೆಗಳೇ ನೆಲಗಪ್ಪೆಯ ನಾಲಗೆಗೆ ಹೆಚ್ಚಾಗಿ ತುತ್ತಾದುವು.

ಗಾಳಿ ಸೋಕಿದೊಡನೆ ಹೀಗೆ ತಿರುಗಿ ಓಡುವುದನ್ನು ಪರಾವರ್ತಿತ ಕ್ರಿಯೆಯೆನ್ನುವರು. ಹಗ್ಗದ ಒಂದು ತುದಿಯನ್ನೆಳೆದರೆ ಇನ್ನೊಂದು ತುದಿಯ ಗಂಟೆ ಬಾರಿಸುವಂತೆ ಪ್ರಾಣಿದೇಹವು ವರ್ತಿಸುವುದೆಂದು ಹದಿನೇಳನೆಯ ಶತಮಾನದಲ್ಲಿಯೇ ಡೆಕಾರ್ಟ್ ಕಲ್ಪಿಸಿದ್ದನು. ಕಲ್ಪನೆಯೇನೋ ಸೊಗಸಾಗಿದೆ, ಆದರೆ ಹಗ್ಗವೂ ಗಂಟೆಯೂ ನೆಟ್ಟಗಿದ್ದು ನಾದ ಮಾತ್ರ ಹೊರಡದ ಸಂದರ್ಭವೊಂದುಂಟೆಂಬುದನ್ನು ಮರಕತದ ಬಣ್ಣದ ಒಂದು ಕಣಜ ತೋರಿಸಿಕೊಡುತ್ತದೆ.

ನಮ್ಮ ದೇಶದಲ್ಲಿಯೂ ಇರುವ ಈ ಕಣಜದ ಹೆಣ್ಣು, ಜಿರಳೆಯ ಎದೆಗೆ ಒಮ್ಮೆ ಚುಚ್ಚಿ ಮುಂಗಾಲುಗಳನ್ನು ಕೆಲವು ನಿಮಿಷಗಳ ಮಟ್ಟಿಗೆ ಸ್ತಂಭಿಸಿ, ಬಳಿಕ ಕುತ್ತಿಗೆಯ ಸಂದಿನಿಂದ ಕೊಂಡಿಯನ್ನು ತಲೆಯೊಳಕ್ಕೇ ತೂರಿಸಿ, ಅಲ್ಲಿಯ ನರಗಂಟುಗಳಿಗೆ ವಿಷವನ್ನುಣಿಸುತ್ತದೆ. ಮುಂಗಾಲುಗಳು ಚೇತರಿಸಿಕೊಳ್ಳುತ್ತವೆ, ಜಿರಳೆ ನಿಲ್ಲಬಲ್ಲುದು, ನಡೆಯಬಲ್ಲುದು. ಈಗ ಬಾಲದ ಕಡೆಗೆ ಗಾಳಿಯೂದಿದರೆ ರೋಮಗಳು ಬಾಗುತ್ತವೆ, ದಪ್ಪ ತಂತುಗಳು ಸುದ್ದಿಯನ್ನು ಹಿಂದಿನಂತೆಯೇ ಒಯ್ಯುತ್ತವೆ. ಜಿರಳೆ ಮಾತ್ರ ಓಡದು. ಓಟದ ದಾರಿಯಲ್ಲಿ ತಲೆಗೆ ಕೆಲಸವೇ ಇಲ್ಲವೆಂದು ತೋರುತ್ತಿದ್ದಾಗಲೂ, ಓಡಲು ಅನುಜ್ಞೆಯನ್ನು ಸದಾ ನೀಡುತ್ತಿದ್ದುದು ಆ ತಲೆಯೇ ಎಂದಾಯಿತು. ಕಣಜ ಜಿರಳೆಯ ಮೀಸೆಗಳನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ಮೋಟನ್ನು ಹಿಡಿದು, ಮೂಗುದಾರ ಹಿಡಿದು ಎತ್ತನ್ನು ನಡೆಸಿದಂತೆ ಅದನ್ನು ಬಿಲಕ್ಕೆ ನಡೆಸಿಕೊಂಡು ಹೋಗಿ, ಕಾಲಿನ ಬುಡದಲ್ಲಿ ಒಂದು ಮೊಟ್ಟೆಯನ್ನಿಟ್ಟು, ಹರಳುಗಳನ್ನು ಒಂದೊಂದಾಗಿ ತಂದು ಬಾಗಿಲನ್ನು ಮುಚ್ಚುತ್ತದೆ.