ಬಂದಾನ, ಬಂದಾನು: ಒಂದು ಉಕಾರದ ಅಂತರ

ಮಳೆಗಾಲದಲ್ಲಿ ಜಮಖಂಡಿಯ ಹೊಳೆದಂಡೆಯ ಊರುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಮೇಲಿನ ಕೊಯ್ನಾ ಜಲಾಶಯದಿಂದ ನೀರು ಬಿಟ್ಟರಂತೆ ಎಂಬ ಸುದ್ದಿ ಬಂದಾಗ ‘ಹೊಳಿ ಬಂದೀತು’. ದಂಡೆಯ ಕಬ್ಬಿನೊಳಗೆ ನೀರು ಹೊಕ್ಕ ಮೇಲೆ ‘ಹೊಳಿ ಬಂದೈತಿ’. ಮೊದಲನೆಯದು ಕಿವಿಗೆ ಬಿದ್ದರೆ ಕಾಳುಕಡಿ ಅಟ್ಟಕ್ಕೇರಿಸಬೇಕು, ಎರಡನೆಯದು ಬಿದ್ದರೆ ದನಗಳ ಹಗ್ಗ ಬಿಚ್ಚಿ ದಿಬ್ಬದ ದಾರಿ ಹಿಡಿಯಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಗೆ, ಘಟಪ್ರಭೆ ಮುಧೋಳ ಸೀಮೆಗೆ ಉಕ್ಕಿ ನುಗ್ಗಿದಾಗ ಈ ಎರಡೂ ಕ್ರಿಯಾಪದಗಳು ಒಂದರ ಹಿಂದೊಂದು ಕೇಳಿಬಂದವು.

‘ಬಂದೀತು’ ಎಂಬುದಕ್ಕೆ ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಹೆಸರು. ಆಗಬಹುದು, ಆಗದೆಯೂ ಇರಬಹುದು ಎಂಬ ಭಾವ ಅದರದು. ‘ಬಂದೈತಿ’ಯ ಮಾತೇ ಬೇರೆ. ಬಿಡಿಸಿ ನೋಡಿದರೆ ‘ಬಂದು’ ಮತ್ತು ‘ಐತಿ’ ಸಿಗುತ್ತವೆ. ಬರುವ ಕೆಲಸ ಮುಗಿದಿದೆ, ಅದರ ಫಲ ಈಗ ಕಣ್ಣೆದುರಿಗಿದೆ.

ನೀರಿನ ವಿಷಯದಲ್ಲಿ ಎರಡು ರೂಪಗಳೂ ಕಿವಿಗೆ ಬೇರೆಬೇರೆಯಾಗಿಯೇ ಕೇಳುತ್ತವೆ. ಮನುಷ್ಯರ ವಿಷಯಕ್ಕೆ ಬಂದರೆ ಅಂತರ ಒಂದೇ ಒಂದು ಉಕಾರದಷ್ಟು. ‘ಅಂವ ಬಂದಾನ’ ಎಂದರೆ ಬಂದಿದ್ದಾನೆ, ಒಳಗೆ ಕುಳಿತಿದ್ದಾನೆ. ‘ಅವನು ಬಂದಾನು’ ಎಂದರೆ ಬಂದರೂ ಬರಬಹುದು. ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ‘ಎರಡು ಸೀರಿ ನೇಯ್ದಾನ’ ಎಂದರೆ ಕೂಲಿ ಕೊಡಬೇಕಾದ ಲೆಕ್ಕ, ‘ಎರಡು ಸೀರಿ ನೇಯ್ದಾನು’ ಎಂದರೆ ಬರೀ ಅಂದಾಜು.

ಫ್ರೆಂಚ್ ಕಲಿಯುವವರನ್ನು ಕಾಡುವ ತೊಡಕೂ ಇದೇ ಜಾತಿಯದು. ‘ಇಲ್ ಎ ವೆನ್ಯು’ ಎಂದರೆ ಬಂದಿದ್ದಾನೆ. ಅದರೊಳಗಿನ ‘ಎ’ ನಮ್ಮ ‘ಐತಿ’ಯ ಕೆಲಸವನ್ನೇ ಮಾಡುತ್ತದೆ. ‘ಇಲ್ ವ್ಯಾಂದ್ರೆ’ ಎಂದರೆ ಬಂದಾನು. ಇನ್ನು ‘ನಾನು ಬರುವೆನು’ ಮತ್ತು ‘ನಾನು ಬಂದೇನು’ ಎಂಬ ಎರಡರ ನಡುವೆ ಫ್ರೆಂಚ್ ಬರವಣಿಗೆಯಲ್ಲಿ ಇರುವ ವ್ಯತ್ಯಾಸ ಕೊನೆಯ ಒಂದು ‘ಎಸ್’ ಅಕ್ಷರ ಮಾತ್ರ. ಅನೇಕ ಫ್ರೆಂಚರ ಬಾಯಲ್ಲಿ ಆ ವ್ಯತ್ಯಾಸವೂ ಕೇಳಿಸುವುದಿಲ್ಲ. ಫ್ರೆಂಚ್ ಪತ್ರಿಕೆಗಳು ಖಚಿತವಾಗದ ಸುದ್ದಿಯನ್ನು ಈ ‘ವ್ಯಾಂದ್ರೆ’ಯ ರೂಪದಲ್ಲಿ ಬರೆಯುತ್ತವೆ. ಅಲ್ಲಿ ಕನ್ನಡಿಗರು ‘ಅಂತೆ’ ಹಚ್ಚುತ್ತಾರೆ.

ಅಂಜಿಕೆಯ ಮಾತಿನಲ್ಲೂ ಎರಡು ಭಾಷೆಗಳು ಹತ್ತಿರ ಬರುತ್ತವೆ. ‘ಅವನು ಬರುತ್ತಾನೆ’ ಎನ್ನಲು ಫ್ರೆಂಚರು ‘ಇಲ್ ವ್ಯಾಂ’ ಎನ್ನುತ್ತಾರೆ. ‘ಎಲ್ಲಿ ಬಂದಾನೋ ಎಂದು ಹೆದರಿಕೆ’ ಎನ್ನುವಾಗ ಕ್ರಿಯಾಪದ ‘ವ್ಯೆನ್’ ಎಂದು ಬದಲಾಗುತ್ತದೆ. ಬಾವಿಕಟ್ಟೆಯ ಹತ್ತಿರ ಓಡುವ ಕೂಸಿಗೆ ತಾಯಿ ‘ಹುಷಾರ್, ಬಿದ್ದೀ!’ ಎಂದು ಕೂಗುತ್ತಾಳಲ್ಲ, ಆ ‘ಬಿದ್ದೀ’ಯೂ ಸಂಭಾವನಾರ್ಥಕವೇ. ಕೂಸು ಇನ್ನೂ ಬಿದ್ದಿಲ್ಲ.

ಇಲ್ಲೊಂದು ಸೋಜಿಗವಿದೆ. ‘ಬಂದಾನು’ ಮುಂದಾಗಬಹುದಾದದ್ದನ್ನು ಹೇಳುತ್ತದೆ, ಆದರೆ ನಿಂತಿರುವುದು ‘ಬಂದ’ ಎಂಬ ಭೂತಕಾಲದ ಅಡಿಪಾಯದ ಮೇಲೆ. ‘ಮಳೆ ಬಂದರೆ’ ಎಂಬಲ್ಲಿಯೂ ಅಷ್ಟೇ, ಮಳೆ ಇನ್ನೂ ಬಂದಿಲ್ಲ. ಫ್ರೆಂಚ್ ಕೂಡ ‘ವ್ಯಾಂದ್ರೆ’ ಕಟ್ಟಲು ಭೂತಕಾಲದ ಪ್ರತ್ಯಯವನ್ನೇ ಎರವಲು ಪಡೆದಿದೆ. ಸಂಬಂಧವೇ ಇಲ್ಲದ ಎರಡು ಭಾಷಾಕುಟುಂಬಗಳು ಒಂದೇ ಉಪಾಯ ಹೂಡಿವೆ. ಕಳೆದುಹೋದದ್ದು ಈ ಕ್ಷಣದಿಂದ ದೂರ, ಬರೀ ಊಹೆಯಲ್ಲಿರುವುದು ವಾಸ್ತವದಿಂದ ದೂರ. ಎರಡೂ ಬಗೆಯ ದೂರಕ್ಕೆ ಭಾಷೆ ಒಂದೇ ಗುರುತು ಹಾಕುತ್ತದೆ ಎಂಬುದು ಭಾಷಾವಿಜ್ಞಾನಿಗಳು ಕೊಡುವ ಒಂದು ವಿವರಣೆ.

ಒಂದು ಕಡೆ ಮಾತ್ರ ಜಮಖಂಡಿಯ ಮಾತು ಇಂದಿನ ಆಡುಫ್ರೆಂಚಿಗಿಂತ ಶ್ರೀಮಂತ. ಫ್ರೆಂಚಿನಲ್ಲಿ ‘ಬಂದ’ ಎನ್ನಲು ಬೇರೆಯದೇ ಒಂದು ರೂಪವಿತ್ತು. ಅದೀಗ ಪುಸ್ತಕಗಳಲ್ಲಷ್ಟೇ ಉಳಿದಿದೆ. ಆಡುಮಾತಿನಲ್ಲಿ ‘ಇಲ್ ಎ ವೆನ್ಯು’ ‘ಬಂದ’, ‘ಬಂದಿದ್ದಾನೆ’ ಎರಡರ ಹೊರೆಯನ್ನೂ ಹೊತ್ತಿದೆ. ಆಲ್ಬರ್ಟ್ ಕಾಮು 1942ರಲ್ಲಿ ಪ್ರಕಟಿಸಿದ ‘ದಿ ಔಟ್‌ಸೈಡರ್’ ಕಾದಂಬರಿಯ ನಿರೂಪಣೆಯಲ್ಲಿ ಬಹುಮಟ್ಟಿಗೆ ಈ ಆಡುಮಾತಿನ ರೂಪವನ್ನೇ ಬಳಸಿದ್ದು ದೊಡ್ಡ ಸುದ್ದಿಯಾಯಿತು. ಬೀಳಗಿಯ ಅಂಗಳದಲ್ಲಿ ಎರಡೂ ರೂಪಗಳು ಜೀವಂತ: ‘ನಿನ್ನಿ ಬಂದ, ಹೋದ’ ಬೇರೆ, ‘ಬಂದಾನ, ಒಳಗ ಕುಂತಾನ’ ಬೇರೆ.

‘ಬಂದೈತಿ’ಯಲ್ಲಿ ‘ಐತಿ’ ಸೇರಿದಂತೆ ನೆರವಿನ ಕ್ರಿಯಾಪದವನ್ನು ಬೆಸೆಯುವುದು ಇಲ್ಲಿಗೆ ಹೊಸದಲ್ಲ. 949ರಲ್ಲಿ ಮುಧೋಳದಲ್ಲಿ ಹುಟ್ಟಿದ ರನ್ನನ ಕಾಲದ ಹಳಗನ್ನಡದಲ್ಲಿ ‘ಬರುತ್ತಾನೆ’ ಎನ್ನಲು ‘ಬಂದಪಂ’ ಎಂಬ ಬೆಸೆದ ರೂಪವಿತ್ತು. ಅದರ ‘ದಪ’ವನ್ನು ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ ವರ್ತಮಾನಕಾಲದ ಗುರುತೆಂದು ವಿವರಿಸಿದ್ದಾನೆ.

ಆದ್ದರಿಂದ ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ಈ ನಾಲ್ಕು ತಾಲ್ಲೂಕುಗಳ ಕನ್ನಡ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ಮಗು ‘ಅಣ್ಣ ಬಂದಾನ’ ಎಂದು ಬರೆದರೆ ಅದನ್ನು ‘ಬಂದಾನು’ ಎಂದು ತಿದ್ದಬೇಡಿ. ಹಾಗೆ ತಿದ್ದಿದರೆ ಮನೆಗೆ ಬಂದ ಅಣ್ಣ ಮತ್ತೆ ದಾರಿಯಲ್ಲೇ ಉಳಿಯುತ್ತಾನೆ. ಗ್ರಂಥಭಾಷೆಯ ರೂಪ ಕಲಿಸಲೇಬೇಕಾದಾಗ ‘ಬಂದಿದ್ದಾನೆ’ ಎಂದು ಪಕ್ಕದಲ್ಲಿ ಬರೆದು ತೋರಿಸಿ.