ಮುರಕಲ್ಲ ಹಾದಿಯಲ್ಲಿ ಸೈಕಲ್ಲೇರಿ ಎರಡು ದಿನ

ಶಾಲೆಗೆ ಸೈಕಲ್ ಹೊಡೆಯುವ ಹುಡುಗಿಯನ್ನು ಕಂಡರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ನಲವತ್ತು ದಾಟಿದ ಗೃಹಿಣಿ ಸೈಕಲ್ ಹೊಡೆದರೆ? "ಸ್ಕೂಟರ್ ಹಾಳಾಯ್ತಾ ಅಕ್ಕಾ?" ಎಂದು ಅಂಗಡಿಯವರೂ ಕೇಳಿಬಿಡುತ್ತಾರೆ!

2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡತೊಡಗಿತು. ಅಂದು ಬಯಲು ದಾಟಿ ಶಾಲೆಗೆ ಹೋದ ಆ ಹುಡುಗಿಯರಲ್ಲಿ ಬಹಳ ಮಂದಿ ಇಂದು ಮೂವತ್ತು ದಾಟಿದ ತಾಯಂದಿರು. ಅವರ ಸೈಕಲ್ ಎಲ್ಲಿ ಹೋಯಿತು? ನಾನು ಕೇಳಿದವರೆಲ್ಲ ಹೇಳಿದ್ದು ಹೆಚ್ಚು ಕಡಿಮೆ ಒಂದೇ ಕತೆ. ಮೊದಲು ತಮ್ಮನಿಗೆ, ಆಮೇಲೆ ಗುಜರಿಗೆ. ಮದುವೆಯಾದ ಮೇಲೆ ಗಂಡನ ಬೈಕಿನ ಹಿಂದಿನ ಸೀಟು ಸಿಕ್ಕಿತು, ಹ್ಯಾಂಡಲ್ ಕೈತಪ್ಪಿತು.

ಫ್ರಾನ್ಸಿನ ಮಾತು ಬೇರೆ. ಅಲ್ಲಿ ಹಳ್ಳಿಗಳ ಜಲ್ಲಿ ಹಾದಿ, ದ್ರಾಕ್ಷಿ ತೋಟದ ಬಿಳಿಮಣ್ಣಿನ ರಸ್ತೆ, ಹಳೆಯ ಕೋಟೆ-ಇಗರ್ಜಿಗಳಿರುವ ಊರು ಇವನ್ನು ಸೈಕಲ್ಲಿನಲ್ಲಿ ಸುತ್ತುವುದು ರಜೆ ಕಳೆಯುವ ಒಂದು ಕ್ರಮ. ತಲೆ ನರೆತ ದಂಪತಿಗಳೂ ಹೋಗುತ್ತಾರೆ. ಇದಕ್ಕೆಂದೇ 'ಗ್ರಾವೆಲ್ ಬೈಕ್' ಎಂಬ ಸೈಕಲ್ ಬಂದಿದೆ. 2022ರಲ್ಲಿ ನಡೆದ ಮಹಿಳೆಯರ ಟೂರ್ ದ ಫ್ರಾನ್ಸ್ ಸ್ಪರ್ಧೆಯ ನಾಲ್ಕನೆಯ ದಿನ ಶಾಂಪೇನ್ ಸೀಮೆಯ ದ್ರಾಕ್ಷಿ ತೋಟಗಳ ನಡುವಣ ಇಂಥ ಧೂಳು ಹಾದಿಯಲ್ಲೇ ಓಟ ಸಾಗಿತ್ತು. ಗಂಡಸರಿಗೆ ಆ ಸ್ಪರ್ಧೆ ಶುರುವಾದದ್ದು 1903ರಲ್ಲಿ. ಹೆಂಗಸರಿಗೆ ಅದೇ ಹೆಸರಿನ ಹಲವು ದಿನಗಳ ಓಟ 1984ರಲ್ಲಿ ಆರಂಭವಾಗಿ, ಕೆಲವೇ ವರ್ಷಗಳಲ್ಲಿ ನಿಂತು, ಮತ್ತೆ ನಡೆಯಲು 2022 ಬರಬೇಕಾಯಿತು. ಅಲ್ಲಿಯೂ ನಮ್ಮ ಪಾಡು ಇಷ್ಟೇ ನೋಡಿ!

ಹಾಗಾದರೆ ಈ ಗ್ರಾವೆಲ್ ಬೈಕಿನಲ್ಲಿ ಅಂಥದ್ದೇನಿದೆ? ಓಟದ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಹಗುರ ಮೈ, ಗುಡ್ಡ ಏರಲು ಸಣ್ಣ ಗೇರು, ಮತ್ತೆ ಅಗಲ ಟಯರು. ಓಟದ ಸೈಕಲ್ಲಿನ ಟಯರು 25ರಿಂದ 28 ಮಿಲಿಮೀಟರ್ ಇದ್ದರೆ ಇದರದ್ದು 38-45. ಗಾಳಿ ಸ್ವಲ್ಪ ಕಡಿಮೆ ಹಾಕಿದರೆ ಕಲ್ಲಿನ ಕುಲುಕಾಟವನ್ನು ಟಯರೇ ನುಂಗಿಕೊಳ್ಳುತ್ತದೆ. ಆದರೆ ನಮ್ಮ ಹಾಲಿನವರ, ಪೋಸ್ಟ್‌ಮ್ಯಾನಿನ ಹಳೆಯ ಕಪ್ಪು ಸೈಕಲ್ಲಿನ ಟಯರು ಒಂದೂವರೆ ಇಂಚು, ಅಂದರೆ ಮೂವತ್ತೆಂಟು ಮಿಲಿಮೀಟರ್! ಲಕ್ಷಗಟ್ಟಲೆ ಕೊಡಬೇಕೆಂದಿಲ್ಲ. ಆರೇಳು ಗೇರಿರುವ, ಟಯರು ಅಗಲವಿರುವ, ಬ್ರೇಕು ಗಟ್ಟಿ ಇರುವ ಯಾವ ಸೈಕಲ್ಲಾದರೂ ಸಾಕು.

ನಾನು ಮತ್ತು ಮಣಿಪಾಲದಲ್ಲಿ ಕೆಲಸಕ್ಕಿರುವ ನನ್ನ ನಾದಿನಿ ಹೊರಟದ್ದು ಡಿಸೆಂಬರಿನ ಒಂದು ಶನಿವಾರ. ಉಡುಪಿ, ಮಲ್ಪೆ, ಕಾಪು, ಕಾರ್ಕಳ, ಮರಳಿ ಮಣಿಪಾಲ. ಒಟ್ಟು ಸುಮಾರು ತೊಂಬತ್ತು ಕಿಲೋಮೀಟರ್, ಎರಡು ದಿನ.

ಬೆಳಿಗ್ಗೆ ಆರು ಗಂಟೆಗೆ ರಥಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವುದೇ ಒಂದು ಸುಖ. ಅಷ್ಟಮಠಗಳ ಮುಂದೆ ನೀರು ಚಿಮುಕಿಸಿ ರಂಗೋಲಿ ಬಿದ್ದಿರುತ್ತದೆ. ಅಲ್ಲಿಂದ ಮಲ್ಪೆ, ಸೇತುವೆ ದಾಟಿದರೆ ಪಡುಕರೆ. ಬಲಗಡೆ ಕಡಲು, ಎಡಗಡೆ ಹೊಳೆ, ನಡುವೆ ತೆಂಗಿನ ತೋಟ, ಮೀನುಗಾರರ ಮನೆಗಳು, ಒಂದೇ ಒಂದು ಸಪೂರ ರಸ್ತೆ. ಕಾರಿನಲ್ಲಿ ಹೋದವರಿಗೆ ಇದು ಹದಿನೈದು-ಇಪ್ಪತ್ತು ನಿಮಿಷದ ದಾರಿ. ಸೈಕಲ್ಲಿನವರಿಗೆ ಒಣಮೀನಿನ ವಾಸನೆ, ಬಲೆ ಹೆಣೆಯುವವರ ಮಾತು, ಜಗಲಿಯ ಮೇಲಿನ ಅಜ್ಜಿಯ "ಓಲು ಪೋಪಿನಿ?" ಎಂಬ ಪ್ರಶ್ನೆ ಎಲ್ಲವೂ ದಕ್ಕುತ್ತವೆ. ಕಾರ್ಕಳಕ್ಕೆ ಎಂದಾಗ ಆಕೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಮುಂದೆ ಮಟ್ಟು. ಹೆಸರು ಕೇಳಿದೊಡನೆ ಬಾಯಲ್ಲಿ ನೀರೂರುವುದು ಗುಳ್ಳದ ನೆನಪಿನಿಂದ. ಸೋದೆ ಮಠದ ವಾದಿರಾಜರು ಇದರ ಬೀಜ ಕೊಟ್ಟರೆಂದು ಇಲ್ಲಿಯವರ ನಂಬಿಕೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ತಿಳಿಹಸಿರು ಬಣ್ಣ, ಗುಂಡು ಮೈ, ತೆಳು ಸಿಪ್ಪೆ. ಅರ್ಧ ಕಿಲೋ ಕೊಂಡು ಬ್ಯಾಗಿಗೆ ಹಾಕಿದೆವು. ಎರಡು ದಿನ ಹೊತ್ತು ತಿರುಗಿದರೂ ಬಾಡಲಿಲ್ಲ.

ಕಾಪುವಿನ ದೀಪಸ್ತಂಭ ಕಡಲ ಬಂಡೆಯ ಮೇಲೆ 1901ರಿಂದ ನಿಂತಿದೆ, ಎತ್ತರ ಸುಮಾರು 27 ಮೀಟರ್. ಕಾಪುವೆಂದರೆ ಮಾರಿಯಮ್ಮನ ಊರೂ ಹೌದು. ಹಳೆ, ಹೊಸ, ಮೂರನೆಯದು ಎಂದು ಮೂರು ಮಾರಿಗುಡಿಗಳು. ಸುಗ್ಗಿ ಮಾರಿಪೂಜೆಗೆ ಜಾತಿ-ಮತ ನೋಡದೆ ಜನ ಸೇರುತ್ತಾರೆ. ಹೊಸ ಮಾರಿಗುಡಿ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಮರುನಿರ್ಮಾಣಗೊಂಡು 2025ರಲ್ಲಿ ಬ್ರಹ್ಮಕಲಶವಾಯಿತು.

ಇಲ್ಲಿ ಒಂದು ಎಚ್ಚರಿಕೆ. ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಅಡ್ಡ ಬರುತ್ತದೆ. ಚತುಷ್ಪಥ, ಲಾರಿ-ಬಸ್ಸುಗಳ ಅಬ್ಬರ. ಎಷ್ಟೇ ಧೈರ್ಯಸ್ಥೆಯಾದರೂ ಇಳಿದು, ಸೈಕಲ್ ತಳ್ಳಿಕೊಂಡೇ ದಾಟಿ. ಹೆದ್ದಾರಿಯಲ್ಲಿ ಒಂದು ಕಿಲೋಮೀಟರ್ ಉಳಿಸುವುದಕ್ಕಿಂತ ಒಳದಾರಿಯಲ್ಲಿ ಐದು ಕಿಲೋಮೀಟರ್ ಸುತ್ತುವುದು ಮೇಲು.

ಹೆದ್ದಾರಿ ದಾಟಿ ಪೂರ್ವಕ್ಕೆ ತಿರುಗಿದ್ದೇ ತಡ, ಏರು-ತಗ್ಗು ಆರಂಭ. ಬಯಲಿಗಿಳಿದರೆ ಗದ್ದೆ, ತೋಡು, ಸಂಕ. ಗುಡ್ಡೆಗೇರಿದರೆ ಮುರಕಲ್ಲಿನ ಪಾದೆ, ಗೇರುಮರ. ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ತುಂಬುವ ಗುಹೆಗಳಿವೆಯಂತೆ ಎಂದು ಹೇಳಿದರೆ ನಾದಿನಿ, "ಅಷ್ಟು ಎಣ್ಣೆಯ ಹತ್ತಿರ ನಾವು ಎಣ್ಣೆ ಇಲ್ಲದ ಗಾಡಿಯಲ್ಲಿ ಹೋಗುವುದಾ ಅತ್ತಿಗೆ!" ಎಂದಳು. ಒಳರಸ್ತೆಗಳಿಗೆ ಹೆಚ್ಚಿನ ಕಡೆ ಕಾಂಕ್ರೀಟು ಬಿದ್ದಿದೆ. ಗುಡ್ಡೆಯ ಅಡ್ಡದಾರಿಗಳಲ್ಲಿ ಮಾತ್ರ ಇನ್ನೂ ಕೆಮ್ಮಣ್ಣು, ಮುರಕಲ್ಲಿನ ಹರಳು. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಪ್ಪನೆ ಹಿಡಿಯಬೇಡಿ, ಹರಳು ಜಾರುತ್ತದೆ. ಎರಡೂ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ, ಸೀಟಿನಿಂದ ಸ್ವಲ್ಪ ಹಿಂದಕ್ಕೆ ಸರಿದು ಇಳಿಯಬೇಕು.

ಶಿರ್ವ, ಬೆಳ್ಮಣ್ ದಾಟಿದರೆ ನಂದಳಿಕೆ, ಮುದ್ದಣನ ಊರು. ನಂದಳಿಕೆ ಲಕ್ಷ್ಮೀನಾರಣಪ್ಪ ಎಂಬ ಈ ಬಡ ಮೇಷ್ಟ್ರು ಮಕ್ಕಳಿಗೆ ಅಂಗಸಾಧನೆ ಕಲಿಸುತ್ತಾ, ಗುಟ್ಟಾಗಿ 'ಶ್ರೀರಾಮಾಶ್ವಮೇಧಂ' ಬರೆದವರು. ಕ್ಷಯರೋಗದಿಂದ ತೀರಿಕೊಂಡದ್ದು 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ; ಕಾಪುವಿನ ದೀಪ ಹೊತ್ತಿದ ವರ್ಷವೇ. ಗಂಡನ ಕತೆಯನ್ನು ಬಾಯಿ ಮುಚ್ಚಿ ಕೇಳದೆ, ಬೇಸರವಾದರೆ ಬೇಸರವೆಂದೇ ಹೇಳುವ ಮನೋರಮೆಯನ್ನು ಕನ್ನಡಕ್ಕೆ ಕೊಟ್ಟ ಪುಣ್ಯಾತ್ಮ! ಅಲ್ಲಿ ಅರ್ಧ ಗಂಟೆ ಕೂತು ಬೊಂಡ ಕುಡಿದೆವು.

ಕಾರ್ಕಳ ತಲುಪುವಾಗ ಬಿಸಿಲು ಇಳಿದಿತ್ತು. 42 ಅಡಿಯ ಗೊಮ್ಮಟ 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸನಿಂದ ಪ್ರತಿಷ್ಠೆಯಾದದ್ದು. ಎದುರಿನ ಚತುರ್ಮುಖ ಬಸದಿ 1586ರದ್ದು, ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಮೆಟ್ಟಿಲು ಹತ್ತಲು ಕಾಲು ಒಪ್ಪದಿದ್ದರೆ ಬಸದಿಯ ಜಗಲಿಯಲ್ಲಿ ಕುಳಿತೇ ಗೊಮ್ಮಟನನ್ನು ನೋಡಬಹುದು. ನನಗೇನೋ ಆ ನೋಟವೇ ಚೆಂದ. ಕಲ್ಲಿನ ಕಸುಬು ಇಲ್ಲಿ ಹಳೆಯ ಕತೆಯಾಗಿ ನಿಲ್ಲಲಿಲ್ಲ. 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಯಾದ ಬಾಹುಬಲಿಯನ್ನು ಕಡೆದದ್ದೂ ಕಾರ್ಕಳದಲ್ಲೇ, ರೆಂಜಾಳ ಗೋಪಾಲಕೃಷ್ಣ ಶೆಣೈಯವರ ಕೈಯಲ್ಲಿ. ಹತ್ತಿರದಲ್ಲೇ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯಿದೆ. ರಾತ್ರಿ ಉಳಿಯಲು ವಸತಿಗೃಹಗಳುಂಟು; ಸೈಕಲ್ಲನ್ನು ಒಳಗಿಡಲು ಜಾಗವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮರುದಿನ ಬೈಲೂರು, ಹಿರಿಯಡ್ಕ, ಪರ್ಕಳ. ಕೊನೆಗೆ ಮಣಿಪಾಲದ ಏರು ಉಂಟಲ್ಲ, ಅದು ಸತ್ತ್ವಪರೀಕ್ಷೆ! ಇಳಿದು ತಳ್ಳಿದರೆ ಅವಮಾನವಿಲ್ಲ. ನಾವೂ ತಳ್ಳಿದೆವು. ಮೇಲೆ ಹೋಗಿ ಎಂಡ್ ಪಾಯಿಂಟಿನಲ್ಲಿ ನಿಂತು ಕೆಳಗೆ ಸ್ವರ್ಣಾ ನದಿಯನ್ನು ನೋಡಿದರೆ ಏದುಸಿರು ತಾನಾಗಿ ಇಳಿಯುತ್ತದೆ.

ಇನ್ನು, "ಎರಡು ದಿನ ಮನೆ ಯಾರು ನೋಡುತ್ತಾರೆ?" ಎಂಬ ಪ್ರಶ್ನೆ. ನನ್ನ ಅತ್ತೆಯವರೂ ಅದನ್ನೇ ಕೇಳಿದರು. ದೋಸೆಹಿಟ್ಟು ಕಡೆದಿಟ್ಟು, ಸಾರಿನ ಪುಡಿ ತೋರಿಸಿ ಬಂದೆ. ಗಂಡ ಮತ್ತು ಮಗ ಮೊದಲ ದಿನ ದೋಸೆ ಹರಿದರು, ಎರಡನೆಯ ದಿನ ಎಬ್ಬಿಸಿದರು. ಹೆಂಗಸರ ಆಸ್ಪತ್ರೆ, ಬಾಣಂತನ, ಮದುವೆಗಳಿಗೆ ಎರಡು ದಿನ ಹೊಂದಿಸಿಕೊಳ್ಳುವ ಮನೆ, ಆಕೆಯ ಸಂತೋಷಕ್ಕೆ ಎರಡು ದಿನ ಹೊಂದಿಸಿಕೊಳ್ಳಲಾರದೇ? 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈಯಲ್ಲಿ ಸಾಕ್ಷರತಾ ಆಂದೋಲನದ ಜತೆಗೇ ಸಾವಿರಾರು ಕೂಲಿ ಹೆಂಗಸರು ಸೈಕಲ್ ಕಲಿತರು. ಅವರಿಗೆ ಬಿಡುವು ನಮಗಿಂತ ಹೆಚ್ಚೇನೂ ಇರಲಿಲ್ಲ.

ಹೊರಡುವವರಿಗೆ ನಾಲ್ಕು ಮಾತು. ಮಳೆಗಾಲ ಬೇಡ, ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಚೂಡಿದಾರವಾದರೆ ಕಾಲ ಬಳಿ ಬಿಗಿಯಿರಲಿ, ದುಪಟ್ಟಾ ಮನೆಯಲ್ಲೇ ಇರಲಿ. ಚಕ್ರಕ್ಕೆ ಸಿಕ್ಕಿದರೆ ಅಪಾಯ. ಪೆಡಲ್ ಕೆಳಗಿರುವಾಗ ಮೊಣಕಾಲು ತುಸುವೇ ಬಾಗುವಂತೆ ಸೀಟು ಎತ್ತರಿಸಿ, ಇಲ್ಲದಿದ್ದರೆ ಮಂಡಿನೋವು ಖಂಡಿತ. ಹೆಲ್ಮೆಟ್, ಹೆಚ್ಚುವರಿ ಟ್ಯೂಬು, ಪಂಪು ಜತೆಗಿರಲಿ. ಪಂಕ್ಚರ್ ಹಾಕುವುದನ್ನು ಮೊದಲೇ ಕಲಿಯಿರಿ. ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸದ ಹಿರಿಯನೆನಿಸಿದ ಪಾಲ್ ದ ವಿವೀ (1853-1930) ಹೇಳುತ್ತಿದ್ದುದು, ಹಸಿಯುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ ಎಂದು. ನಾವು ಒಯ್ದದ್ದು ಬೆಲ್ಲ-ಕಾಯಿ ಕಲಸಿದ ಅವಲಕ್ಕಿ, ಬಾಳೆಹಣ್ಣು, ಉಪ್ಪು ಹಾಕಿದ ಲಿಂಬೆ ಶರಬತ್ತು.

ಹೊತ್ತು ತಂದ ಗುಳ್ಳದಿಂದ ಆ ರಾತ್ರಿ ಬೋಳು ಹುಳಿ ಮಾಡಿದೆ. ಗುಳ್ಳವನ್ನು ದೊಡ್ಡ ಹೋಳು ಮಾಡಿ ನೀರಿಗೆ ಹಾಕಿ. ತೊಗರಿಬೇಳೆ ಬೇರೆಯಾಗಿ ಬೇಯಿಸಿ. ಹೋಳುಗಳನ್ನು ಹುಣಸೆರಸ, ಬೆಲ್ಲ, ಉಪ್ಪು, ಸೀಳಿದ ಹಸಿಮೆಣಸು ಸೇರಿಸಿ ಕರಗದ ಹಾಗೆ ಬೇಯಿಸಿ, ಬೇಳೆ ಕೂಡಿಸಿ ಕುದಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕೆಂಪುಮೆಣಸು, ಇಂಗು, ಕರಿಬೇವಿನ ಒಗ್ಗರಣೆ. ಕಾಯಿ ಅರೆಯುವ ಕೆಲಸವಿಲ್ಲ, ದಣಿದು ಬಂದವರಿಗೆ ಹೇಳಿ ಮಾಡಿಸಿದ್ದು. ಬಿಸಿ ಕುಚ್ಚಲಕ್ಕಿ ಅನ್ನದ ಜತೆ ಬಡಿಸಿ.